ನಿಮಿಷಕ್ಕೆ ಮೂರು ಸುತ್ತು

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದು ಹೋದ ತಿಂಗಳು ನಮ್ಮ ಹಳೆಯ ಆಫೀಸಿನವರು ನನ್ನನ್ನು ಕರೆದಿದ್ದರು. ನಿವೃತ್ತನಾಗಿ ಇಷ್ಟು ವರ್ಷವಾದ ಮೇಲೂ ನೆನಪಿಟ್ಟುಕೊಂಡಿದ್ದಾರಲ್ಲ ಎಂಬ ಖುಷಿಯಲ್ಲಿ ಇಸ್ತ್ರಿ ಮಾಡಿದ ಷರಟು ತೊಟ್ಟು ಹೋದೆ. ಅರ್ಧ ಗಂಟೆ ಮಾತಾಡಿದೆ. ಯಾವ ವರ್ಷ ಸೇರಿದೆ, ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಶಾಲೆಯ ಮಗ್ಗಿಯಂತೆ ಒಪ್ಪಿಸಿದೆ. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಏನೋ ಕೇಳಿದಳು. ನಾನು "ಹೂಂ" ಎಂದೆ. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆ ಹುಡುಗಿ ಮಾತ್ರ ನಗಲಿಲ್ಲ, ಪೆಚ್ಚಾಗಿ ಕುಳಿತುಬಿಟ್ಟಳು.

ಮನೆಗೆ ಬಂದ ಮೇಲೆ ಆ ಒಂದು ಹೂಂ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅಂಥದೇ ಒಂದು ಹೂಂ ಕೇಳಿ, ಹಿಂದೆ ನಾನು ಒಬ್ಬ ಮರ್ಯಾದಸ್ಥನ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದೆ. ಹೇಳಬೇಕಾಗಿದ್ದದ್ದು ಅದು. ಬಡ್ತಿಯ ಪುರಾಣ ಯಾರಿಗೆ ಬೇಕಾಗಿತ್ತು?

ನಾನು ಬಡಿಗೇರ, ಗದಗಿನ ಕಡೆಯವನು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು ಕರೆಂಟ್ ಆಫೀಸಿನ ಮೀಟರ್ ಪರೀಕ್ಷೆಯ ವಿಭಾಗ ಸೇರಿದೆ. ಯಶವಂತಪುರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ, ಒಂದು ಹಳೆಯ ಸೈಕಲ್ಲು. ನಾನು "ಹೌದ್ರಿ" ಎಂದರೆ ಸಾಕು, ಲೈನ್‌ಮನ್‌ಗಳು ಚಹಾ ಅಂಗಡಿಯವರೆಗೂ "ಹೌದ್ರಿ, ಹೌದ್ರಿ" ಎಂದು ಅಣಕಿಸಿಕೊಂಡು ಬರುತ್ತಿದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲಿ. ಮೊದಲ ಆರು ತಿಂಗಳು ಅವರ ಜೊತೆ ಚಹಾ ಕುಡಿಯಲೇ ಇಲ್ಲ. ಆಮೇಲೆ ಅವರಿಲ್ಲದೆ ಚಹಾ ಇಳಿಯುತ್ತಿರಲಿಲ್ಲ.

ಈಗಿನ ಮೀಟರಿನಲ್ಲಿ ಅಂಕಿ ಮಿನುಗುತ್ತದೆ, ಅಷ್ಟೇ. ಆಗಿನ ಮೀಟರಿನ ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ಅದರ ಅಂಚಿನಲ್ಲಿ ಒಂದು ಕರಿ ಗೀಟು. ಆ ಗೀಟು ಆರುನೂರು ಸಲ ಸುತ್ತಿ ಬಂದರೆ ಒಂದು ಯೂನಿಟ್ಟು. ನನ್ನ ಕೆಲಸ ಅದನ್ನು ಎಣಿಸುವುದು. ಸೈಕಲ್ಲಿನ ಕ್ಯಾರಿಯರ್‌ನಲ್ಲಿ ನೂರು ವ್ಯಾಟಿನ ಐದು ಬಲ್ಬುಗಳಿದ್ದ ಹಲಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಮನೆಯ ಲೈನು ಬಿಚ್ಚಿ ನನ್ನ ಹಲಗೆಯನ್ನು ಜೋಡಿಸಿದರೆ ತಟ್ಟೆ ನಿಮಿಷಕ್ಕೆ ಸರಿಯಾಗಿ ಐದು ಸುತ್ತು ಬರಬೇಕು. ಬಂದರೆ ಮೀಟರು ಸಾಚಾ.

ಇದನ್ನು ಕಲಿಸಿದವರು ನಮ್ಮ ಇಂಜಿನಿಯರ್ ಗೋಪಾಲರಾಯರು. ಅವರು ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಕೈ ತಿರುಗಿಸದೆ ತಟ್ಟೆಯನ್ನೂ ಮುಳ್ಳನ್ನೂ ಒಟ್ಟಿಗೆ ನೋಡಬಹುದು ಎಂದು. ನಾನೂ ಹಾಗೇ ಕಟ್ಟಲು ಶುರುಮಾಡಿದೆ, ಇವತ್ತಿಗೂ ಹಾಗೇ ಕಟ್ಟುತ್ತೇನೆ. ರಾಯರದು ಮಾತು ಕಡಿಮೆ, ಬೈಗುಳ ಇನ್ನೂ ಕಡಿಮೆ. ಆದರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ನಾವು ತಪ್ಪು ಎಲ್ಲಿ ಎಂದು ಹುಡುಕಲು ಶುರುಮಾಡುತ್ತಿದ್ದೆವು.

ಆ ಕಾಲದಲ್ಲಿ ಯಶವಂತಪುರದಿಂದ ಜಾಲಹಳ್ಳಿಯ ಆಚೆಯವರೆಗೆ ಎಷ್ಟೋ ಮನೆಗಳ ಹಿತ್ತಿಲಲ್ಲಿ ಒಂದೊಂದು ಮಿಷನ್ ಇರುತ್ತಿತ್ತು. ದೊಡ್ಡ ಕಾರ್ಖಾನೆಗಳು ಸಣ್ಣಪುಟ್ಟ ಭಾಗಗಳನ್ನು ಹೊರಗೆ ಮಾಡಿಸುತ್ತಿದ್ದವು. ದನದ ಕೊಟ್ಟಿಗೆಗೆ ಲೋಹ ಕಡೆಯುವ ಒಂದು ಲೇತ್ ಬರುತ್ತಿತ್ತು, ಬಚ್ಚಲಿನ ಪಕ್ಕಕ್ಕೆ ಒಂದು ಗ್ರೈಂಡರ್. ಬೀದಿಗೆ ಕಾಲಿಟ್ಟರೆ ಸಾರಿನ ಒಗ್ಗರಣೆಯ ಜೊತೆ ಮಿಷನ್ ಎಣ್ಣೆಯ ವಾಸನೆ. ಇಂಥವರಿಗೆಲ್ಲ ಇದ್ದ ಪ್ರಶ್ನೆ ಒಂದೇ: ಒಂದು ಪೀಸಿಗೆ ಎಷ್ಟು ಕರೆಂಟು ಬೀಳುತ್ತದೆ? ಅದು ಗೊತ್ತಾಗದೆ ರೇಟು ಹೇಳುವಂತಿಲ್ಲ. ಮೀಟರ್ ನೋಡಲು ಹೋದ ನನ್ನನ್ನು ಹಿಡಿದು ಕೂರಿಸಿ ಕೇಳುತ್ತಿದ್ದರು. ಇದು ನನ್ನ ಕೆಲಸವಲ್ಲ. ಆದರೆ ಯಾರಾದರೂ "ಸಾರ್, ನೀವು ತಿಳಿದೋರು" ಎಂದರೆ ಉಬ್ಬುವ ವಯಸ್ಸು.

ಮೊದಲು ಎಡವಿದ್ದು ಪಾತ್ರೆ ಪಾಲಿಶ್ ಮಾಡುವ ಸುಬ್ಬಣ್ಣನ ಮನೆಯಲ್ಲಿ. ಅವನ ಮೋಟರಿನ ಮೇಲೆ ಎರಡು ಎಚ್.ಪಿ. ಎಂದು ಬರೆದಿತ್ತು. ಗಂಟೆಗೆ ಒಂದೂವರೆ ಯೂನಿಟ್ಟು, ಅಷ್ಟರಲ್ಲಿ ಅರವತ್ತು ಲೋಟ, ಅಂದರೆ ಯೂನಿಟ್ಟಿಗೆ ನಲವತ್ತು ಲೋಟ ಎಂದು ಬಾಯಲ್ಲೇ ಲೆಕ್ಕ ಹೇಳಿಬಿಟ್ಟೆ. ಹದಿನೈದು ದಿನ ಬಿಟ್ಟು ಸುಬ್ಬಣ್ಣ ಆಫೀಸಿನ ಬಾಗಿಲಲ್ಲೇ ನನ್ನನ್ನು ಅಡ್ಡ ಹಾಕಿದ.

"ಏನ್ ಸಾರ್, ನಿಮ್ ಲೆಕ್ಕ ನಂಬ್ಕೊಂಡು ರೇಟ್ ಹೇಳ್ದೆ. ಜಾಸ್ತಿ ಆಯ್ತು ಅಂತ ಆರ್ಡರ್ ಪಕ್ಕದ ಬೀದಿಯವನಿಗೆ ಹೋಯ್ತು ಕಣ್ರೀ! ಈಗ ನಾನೇನ್ ಮಾಡ್ಲಿ, ನಮ್ಮನೆ ಲೋಟ ಉಜ್ಕೊಂಡು ಕೂತ್ಕೊಳ್ಲಾ?"

ಒಳಗಿದ್ದ ಗೋಪಾಲರಾಯರು ಇದನ್ನು ಕೇಳಿಸಿಕೊಂಡರು. ಕನ್ನಡಕ ಮೇಜಿನ ಮೇಲೆ ಬಂತು.

"ಬಡಿಗೇರ್, ಮೋಟರ್ ಮೇಲೆ ಬರೆದಿರೋದು ಅದು ಎಷ್ಟು ಹೊರಬಲ್ಲದು ಅನ್ನೋದು. ಎಷ್ಟು ಹೊರ್ತಾ ಇದೆ ಅನ್ನೋದನ್ನ ತಟ್ಟೆ ಹೇಳುತ್ತೆ. ಹೋಗಿ ಎಣಿಸ್ಕೊಂಡು ಬನ್ನಿ."

ಹೋಗಿ ಎಣಿಸಿದೆ. ಹತ್ತು ಲೋಟಕ್ಕೆ ಎಂಬತ್ತು ಸುತ್ತು. ಅಂದರೆ ಯೂನಿಟ್ಟಿಗೆ ನಲವತ್ತಲ್ಲ, ಎಪ್ಪತ್ತೈದು ಲೋಟ. ಸುಬ್ಬಣ್ಣ ತಲೆ ಚಚ್ಚಿಕೊಂಡ. ಆದರೂ ನನಗೆ ಒಂದು ಲೋಟ ಚಹಾ ಕೊಟ್ಟ, ತಾನೇ ಪಾಲಿಶ್ ಮಾಡಿದ ಲೋಟದಲ್ಲಿ. ಅಂದಿನಿಂದ ಯಾರು ಕೇಳಿದರೂ ನಾನು ತಟ್ಟೆಯ ಮುಂದೆ ಕುಳಿತು ಎಣಿಸಿಯೇ ಹೇಳುತ್ತಿದ್ದೆ. ಲೆಕ್ಕ ತಪ್ಪುತ್ತಿರಲಿಲ್ಲ. ತಟ್ಟೆ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ ಎಂಬ ಧಿಮಾಕು ನನಗೆ ಹತ್ತಿದ್ದು ಆಗಲೇ.

ಆ ಧಿಮಾಕಿನಲ್ಲಿಯೇ ನಾನು ಶೆಟ್ಟಿಹಳ್ಳಿಗೆ ಹೋದದ್ದು.

ಶೆಟ್ಟಿಹಳ್ಳಿ ಆಗ ಹಳ್ಳಿಯೇ. ಜಾಲಹಳ್ಳಿ ದಾಟಿದರೆ ರಾಗಿ ಹೊಲ, ನಡುವೆ ಕೆಮ್ಮಣ್ಣಿನ ದಾರಿ, ಬೆಳಗಿನ ಮಂಜಿನಲ್ಲಿ ಎಲ್ಲಿಂದಲೋ ಕಾರ್ಖಾನೆಯ ಸೈರನ್ನು. ಅಲ್ಲಿನ ಮುನಿಶಾಮಪ್ಪ ಎಂಬವರಿಂದ ಒಂದು ಅರ್ಜಿ ಬಂದಿತ್ತು. ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ನಡೆಸುವ ಟರ್ನರ್ ಆಗಿದ್ದವರು, ನಿವೃತ್ತರಾದ ಮೇಲೆ ಕೊಟ್ಟಿಗೆಯಲ್ಲಿ ಲೇತ್ ಹಾಕಿಕೊಂಡು ಹಿತ್ತಾಳೆಯ ಬುಶ್, ಅಂದರೆ ಮಿಷನ್‌ಗಳ ಅಚ್ಚಿಗೆ ತೊಡಿಸುವ ಬಳೆ, ಕಡೆದು ಕೊಡುತ್ತಿದ್ದರು. ಅರ್ಜಿಯಲ್ಲಿ ಹೀಗಿತ್ತು: ಒಂದು ಬುಶ್ಶಿಗೆ ನಾಲ್ಕು ನಿಮಿಷ, ದಿನಕ್ಕೆ ನಲವತ್ತೈದು ಬುಶ್, ಅಂದರೆ ಮಿಷನ್ ಓಡುವುದು ದಿನಕ್ಕೆ ಮೂರೇ ಗಂಟೆ. ತಿಂಗಳಿಗೆ ಎಪ್ಪತ್ತು ಯೂನಿಟ್ಟಿನೊಳಗೆ ಬರಬೇಕು. ನೂರ ಹತ್ತರ ಮೇಲೆ ಬರುತ್ತಿದೆ. ಮೀಟರು ಜೋರಾಗಿ ಓಡುತ್ತಿದೆ, ಪರೀಕ್ಷಿಸಬೇಕು.

ಮೀಟರು ಮನೆಯ ಜಗುಲಿಯ ಗೋಡೆಯಲ್ಲಿತ್ತು, ಲೇತ್ ಹಿತ್ತಿಲಿನ ಕೊಟ್ಟಿಗೆಯಲ್ಲಿ. ಮುನಿಶಾಮಪ್ಪನವರು ಎತ್ತರದ ಆಳು, ಬಿಳಿ ಮೀಸೆ, ಖಾಕಿ ಚಡ್ಡಿ. ನನಗೆ ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು, ನಾನು ಹೇಳಿದ್ದಕ್ಕೆಲ್ಲ ಒಪ್ಪಿಗೆಯಿಂದ ತಲೆಯಾಡಿಸಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ಹೆಂಡತಿ ಹೆಸರಘಟ್ಟದ ತಂಗಿಯ ಮನೆಗೆ, ಅವಳ ಮಗಳ ಬಾಣಂತನಕ್ಕೆ ಹೋಗಿದ್ದರು. ಲೈನು ಬಿಚ್ಚಿ ನನ್ನ ಬಲ್ಬಿನ ಹಲಗೆ ಜೋಡಿಸಿದೆ. ನಿಮಿಷಕ್ಕೆ ಐದು ಸುತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಮೀಟರು ಸಾಚಾ ಎಂದ ಮೇಲೆ ಮನುಷ್ಯನೇ ಸುಳ್ಳು ಎಂದುಕೊಂಡೆ. ಪಕ್ಕದ ಸೈಟಿನಲ್ಲಿ ಯಾರೋ ಮನೆ ಕಟ್ಟುತ್ತಿದ್ದರು, ನೀರೆತ್ತುವ ಪಂಪು ಕೂಡ ಕಂಡಿತು. ನನ್ನ ತಲೆಯಲ್ಲಿ ಟಕ್ಕೆಂದು ಹೊಳೆಯಿತು. ವೈರು ಸುತ್ತುತ್ತ, ಅವರ ಮುಖ ಕೂಡ ನೋಡದೆ ಕೇಳಿದೆ:

"ಪಕ್ಕದೋರಿಗೆ ಲೈನ್ ಕೊಟ್ಟೀರೇನ್ರಿ?"

"ಹೂಂ."

"ಅವರ ಪಂಪ್ ನಿಮ್ಮ ಕರೆಂಟಿನ ಮ್ಯಾಲೆ ಓಡ್ತದ?"

"ಹೂಂ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಕಳ್ಳನನ್ನು ನಾನು ನೋಡಿರಲಿಲ್ಲ. ಆಫೀಸಿಗೆ ಬಂದು ದುಂಡಗಿನ ಅಕ್ಷರದಲ್ಲಿ ವರದಿ ಬರೆದೆ: "ಮೀಟರು ಸರಿಯಾಗಿದೆ. ಗ್ರಾಹಕರು ಪಕ್ಕದವರಿಗೆ ವಿದ್ಯುತ್ ಕೊಟ್ಟಿರುವುದಾಗಿ ಒಪ್ಪಿಕೊಂಡಿದ್ದಾರೆ." ಆ ವೈರು ಎಲ್ಲಿದೆ ಎಂದು ಹುಡುಕಲಿಲ್ಲ. ಕೊಟ್ಟಿಗೆಗೆ ಕಾಲಿಡಲಿಲ್ಲ. ಎಂಟು ದಿನದೊಳಗೆ ಲೈನು ಕತ್ತರಿಸಲಾಗುವುದು ಎಂಬ ನೋಟಿಸು ಹೋಯಿತು.

ಐದನೆಯ ದಿನ ಮುನಿಶಾಮಪ್ಪನವರ ಹೆಂಡತಿ ಗೌರಮ್ಮ ಆಫೀಸಿಗೆ ಬಂದರು. ಕೈಯಲ್ಲಿ ನೋಟಿಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಸೀದಾ ಗೋಪಾಲರಾಯರ ಮೇಜಿನ ಮುಂದೆ ನಿಂತರು.

"ಸಾಮಿ, ನಮ್ಮನೆಯೋರು ಯಾರ್ಗೂ ಲೈನ್ ಕೊಟ್ಟಿಲ್ಲ. ಒಪ್ಕಂಡವ್ರೆ ಅಂತ ಇದ್ರಾಗೆ ಬರ್ದದೆಯಂತೆ. ಅವ್ರು ಎಲ್ಲಾದ್ಕೂ ಊಂ ಅಂತಾರೆ ಸಾಮಿ. ನಿನ್ ತಲೆ ಕಡೀತೀನಿ ಅಂದ್ರೂ ಊಂ ಅಂತಾರೆ. ಊರೆಲ್ಲ ಬಲು ಒಳ್ಳೆ ಮನುಸ ಅಂತದೆ."

"ಮತ್ತೆ ಕರೆಂಟ್ ಎಲ್ಲಿಗೆ ಹೋಗ್ತಾ ಇದೆಯಮ್ಮಾ?" ಎಂದರು ರಾಯರು.

"ಅದ್ನ ನೀವೇ ಏಳ್ಬೇಕು. ಇಂಗೇ ಆದ್ರೆ ಬುಶ್ಶಲ್ಲಿ ಏನೂ ಉಳಿಯಾಕಿಲ್ಲ. ರಾಜಾನುಕುಂಟೆಯೋನು ಬಂದು ಮಿಷನ್ ನೋಡ್ಕಂಡ್ ಓಗವ್ನೆ, ಕೊಡ್ತೀರಾ ಅಂತ. ಅದೊಂದ್ ಓದ್ರೆ ನಮ್ಮನೆಯೋರು ಉಳಿಯಾಕಿಲ್ಲ ಸಾಮಿ. ಅದ್ರ ಮುಂದೆ ನಿಂತ್ಕಂಡಾಗ್ಲೇ ಅವ್ರು ಮನುಸ್ರಂಗೆ ಇರಾದು."

ಅವರು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತರು. ರಾಯರು ಕನ್ನಡಕ ತೆಗೆದರು.

"ಮೀಟರ್ ನೋಡಿದ್ರಿ. ಮಿಷನ್ ನೋಡಿದ್ರಾ?"

"ಇಲ್ಲ ಸಾರ್."

"ವೈರ್ ನೋಡಿದ್ರಾ?"

"ಇಲ್ಲ ಸಾರ್. ಅವರೇ ಒಪ್ಕೊಂಡ್ರು ಸಾರ್."

"ನಾಳೆ ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ಐದರವರೆಗೆ ಅಲ್ಲೇ ಕೂತ್ಕೊಳ್ಳಿ. ಎಣಿಸಿ."

ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ಹೋದೆ. ಮೊದಲು ಬೇಲಿಯುದ್ದಕ್ಕೂ ನಡೆದು ನೋಡಿದೆ. ಪಕ್ಕದವರ ಪಂಪು ಸೀಮೆಎಣ್ಣೆಯದು! ಅಲ್ಲೇ ನನ್ನ ಅರ್ಧ ಧಿಮಾಕು ಇಳಿಯಿತು. ಜಗುಲಿಗೆ ಬಂದು ತಟ್ಟೆಯ ಮುಂದೆ ಕುಳಿತೆ. ಹಿತ್ತಿಲಿನಿಂದ ಹಿತ್ತಾಳೆ ಕಡೆಯುವ ಕಿರ್ರ್ ಸದ್ದು ಬಂದಾಗ ತಟ್ಟೆ ನಿಮಿಷಕ್ಕೆ ಒಂಬತ್ತು ಸುತ್ತು. ಸದ್ದು ನಿಂತಿತು. ತಟ್ಟೆಯೂ ನಿಲ್ಲಬೇಕು. ನಿಲ್ಲಲಿಲ್ಲ. ನಿಮಿಷಕ್ಕೆ ಮೂರು ಸುತ್ತು, ಸಾವಕಾಶವಾಗಿ, ಯಾರಿಗೂ ಕಾಯದ ಹಾಗೆ. ಮತ್ತೆ ಕಡೆತ, ಮತ್ತೆ ಒಂಬತ್ತು. ನಿಂತರೆ ಮತ್ತೆ ಮೂರು. ಅವರು ಊಟಕ್ಕೆ ಬಂದು ನನ್ನ ಪಕ್ಕದಲ್ಲೇ ಕುಳಿತು ಮುದ್ದೆ ಉಣ್ಣುವಾಗಲೂ ಮೂರು. ಅಡುಗೆಮನೆಯಿಂದ ಬಂದ ಗೌರಮ್ಮನನ್ನು ಕೇಳಿದೆ, ಈಗ ಏನು ಓಡುತ್ತಿದೆ ಎಂದು.

"ಮೋಟರು ಸಾಮಿ. ಬೆಳಿಗ್ಗೆ ಆಕುದ್ರೆ ಸಂಜೆಗಂಟ ಗುಂಯ್ ಅಂತಿರ್ತದೆ. ಆರ್ಸಿ ಅಂತ ಏಳಿದೀನಿ. ಊಂ ಅಂತಾರೆ."

ಊಟ ಮುಗಿಸಿ ಅವರು ಕೊಟ್ಟಿಗೆಗೆ ಹೋದರು. ನಾನೂ ಹಿಂದೆಯೇ ಹೋದೆ. ಅದು ಹಳೆಯ ಲೇತ್. ಒಂದು ಲಿವರ್ ಎಳೆದರೆ ಹಿತ್ತಾಳೆಯನ್ನು ಕಚ್ಚಿ ಹಿಡಿದ ಚಕ್ ತಿರುಗುತ್ತದೆ, ತಳ್ಳಿದರೆ ಚಕ್ ಮಾತ್ರ ನಿಲ್ಲುತ್ತದೆ. ಮೋಟರು ಕೆಳಗೆ, ಹಿತ್ತಾಳೆಯ ಚೂರು ಸಿಡಿಯದಿರಲಿ ಎಂದು ಮಾಡಿದ ಮರದ ಪೆಟ್ಟಿಗೆಯೊಳಗೆ. ಅದರ ಸ್ವಿಚ್ಚು ಬಾಗಿಲ ಹಿಂದೆ. ಮುನಿಶಾಮಪ್ಪನವರು ನನಗೆ ಬೆನ್ನು ಮಾಡಿ ನಿಂತು ಬುಶ್ಶಿನ ಅಳತೆ ನೋಡುತ್ತಿದ್ದರು. ಚಕ್ ನಿಂತಿತ್ತು. ಪೆಟ್ಟಿಗೆಯೊಳಗೆ ಮೋಟರು ಗುಂಯ್‌ಗುಡುತ್ತಿತ್ತು.

"ಯಜಮಾನ್ರೇ, ಮೋಟರ್ ಓಡ್ತಾ ಇದೆ" ಎಂದೆ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ತಿರುಗಲಿಲ್ಲ. ಬಾಗಿಲ ಬಳಿ ಇದ್ದ ದೊಡ್ಡ ಸ್ಪ್ಯಾನರನ್ನು ಎತ್ತಿ ಕಲ್ಲಿನ ನೆಲದ ಮೇಲೆ ಬಿಟ್ಟೆ. ಕೊಟ್ಟಿಗೆಯ ಆಚೆ ಮೇಯುತ್ತಿದ್ದ ಕೋಳಿಗಳು ಹೆದರಿ ಓಡಿದವು. ಅವರು ಬುಶ್ಶನ್ನು ಬೆಳಕಿಗೆ ಹಿಡಿದು ಅಳತೆ ನೋಡುತ್ತಲೇ ಇದ್ದರು.

ನನಗೆ ಆಗ ಆದ ನಾಚಿಕೆಯನ್ನು ಯಾವ ಶಬ್ದದಲ್ಲಿ ಹೇಳಲಿ! ಮೊದಲ ಸಲ ಬಂದಾಗಿನ ಎರಡು ಹೂಂ ನೆನಪಾದವು. ಹತ್ತಿರ ಹೋಗಿ ಅವರ ಬಲಗೈ ಹಿಡಿದು, ಅಂಗೈಯನ್ನು ಪೆಟ್ಟಿಗೆಯ ಮೇಲೆ ಇಟ್ಟೆ.

ಅವರು ಬೆಚ್ಚಿದರು. ಕೈ ಅಲ್ಲೇ ಇತ್ತು. ಚಕ್ ನೋಡಿದರು, ಲಿವರ್ ನೋಡಿದರು, ನನ್ನನ್ನು ನೋಡಿದರು.

"ನಿಂತಿಲ್ವಾ ಇದು?"

ಇಲ್ಲ ಎಂದು ತಲೆಯಾಡಿಸಿದೆ. ಗೋಡೆಯ ತುಂಬ ಅವರದೇ ಅಳತೆಗಳ ಸೀಮೆಸುಣ್ಣದ ಬರಹ. ನಾನೂ ಒಂದು ಸೀಮೆಸುಣ್ಣ ತೆಗೆದುಕೊಂಡು ಬರೆದೆ: ಕಡೆಯುವಾಗ ಒಂಬತ್ತು, ಮೂರು ಗಂಟೆ. ಸುಮ್ಮನೆ ಮೂರು, ಆರು ಗಂಟೆ. ತಿಂಗಳ ಇಪ್ಪತ್ತೈದು ದಿನದ ಕೆಲಸಕ್ಕೆ ಒಂದು ಅರವತ್ತೇಳೂವರೆ ಯೂನಿಟ್ಟು, ಇನ್ನೊಂದು ನಲವತ್ತೈದು. ಕೂಡಿದರೆ ನೂರ ಹನ್ನೆರಡೂವರೆ. ಟರ್ನರ್ ಅಲ್ಲವೇ, ಓದಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಸ್ಟೂಲು ಎಳೆದುಕೊಂಡು ಕುಳಿತರು.

"ಫ್ಯಾಕ್ಟ್ರೀಲಿ ಲಿವರ್ ತಳ್ಳುದ್ರೆ ಮಿಷನ್ ನಿಂತಂಗೆ. ಮೋಟರ್ ಬಂದ್ ಮಾಡಾಕೆ ಬೇರೆಯೋರು ಇರೋರು" ಎಂದರು. ಆಮೇಲೆ ನನ್ನ ಮುಖ ನೋಡದೆ, "ಕೇಳ್ಸಾಕಿಲ್ಲ ಸಾಮಿ" ಎಂದರು. "ಅಲ್ಲಿದ್ದಾಗ್ಲೇ ಓಗಿತ್ತು. ಬಾಯಿ ನೋಡ್ಕಂಡು ಅರ್ಥ ಮಾಡ್ಕೊತಿದ್ದೆ. ನೀವು ಅವತ್ತು ಬಗ್ಗಿದ್ರಿ, ಬಾಯಿ ಕಾಣ್ನಿಲ್ಲ."

"ಮತ್ತೆ ಮಿಷನ್ ಹೇಗೆ?" ಎಂದೆ, ಈಗ ಮುಖಕ್ಕೆ ಮುಖ ಕೊಟ್ಟು.

ಅವರು ಎರಡು ಬೆರಳನ್ನು ಉಳಿ ಕೂರಿಸುವ ಜಾಗದ ಮೇಲಿಟ್ಟು ತೋರಿಸಿದರು. ಉಳಿ ಅದುರಿದರೆ ಬೆರಳಿಗೆ ತಿಳಿಯುತ್ತದೆ. ಎಲ್ಲರೂ ಕಿವಿಯಿಂದ ತಿಳಿಯುವುದನ್ನು ಅವರು ಬೆರಳಿನಿಂದ ತಿಳಿಯುತ್ತಿದ್ದರು. ಅವರ ಒಂದು ಬುಶ್ ಕೂಡ ಕಾರ್ಖಾನೆಯಿಂದ ವಾಪಸು ಬಂದದ್ದಿಲ್ಲ. ಲಿವರ್ ತಳ್ಳಿದ ಮೇಲೆ ಬೆರಳು ಮಿಷನ್ ಬಿಟ್ಟು ಅಳತೆಯ ಕಡೆಗೆ ಹೋಗುತ್ತಿತ್ತು, ಮೋಟರು ಓಡುತ್ತಿರುವುದು ತಿಳಿಯುತ್ತಿರಲಿಲ್ಲ, ಅಷ್ಟೇ.

ನಾನು ಹೊಸ ವರದಿ ಬರೆಯುತ್ತೇನೆ, ಕಿವಿ ಕೇಳದ ಕಾರಣ ಹೂಂ ಅಂದರು ಎಂದು ತಿಳಿಸುತ್ತೇನೆ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಅದೊಂದ್ ಬರೀಬೇಡಿ ಸಾಮಿ. ಕಿವುಡ ಅಂತ ಗೊತ್ತಾದ್ರೆ ಕೆಲ್ಸ ಕೊಡಾಕಿಲ್ಲ. ಬೇಕಾದ್ರೆ ಲೈನ್ ಕತ್ತರ್ಸಿ, ಅದ್ ಮಾತ್ರ ಬರೀಬೇಡಿ."

ಯಶವಂತಪುರದವರೆಗೆ ಸೈಕಲ್ ತುಳಿಯುತ್ತ ಅದನ್ನೇ ಯೋಚಿಸಿದೆ. ಅವರ ಒಪ್ಪಿಗೆಯನ್ನು ಅಳಿಸಬೇಕು, ಕಾರಣ ಹೇಳಬಾರದು. ಮರುದಿನ ಬೆಳಗ್ಗೆ ರಾಯರ ಮುಂದೆ ಎರಡನೆಯ ವರದಿ ಇಟ್ಟೆ. ಲೆಕ್ಕವನ್ನೆಲ್ಲ ಬರೆದು, ಕೊನೆಗೆ ಹೀಗೆ ಬರೆದಿದ್ದೆ: "ಪಕ್ಕದವರಿಗೆ ಲೈನು ಕೊಟ್ಟಿಲ್ಲ. ಮೊದಲ ಭೇಟಿಯಲ್ಲಿ ಗ್ರಾಹಕರು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ತಪ್ಪು ನನ್ನದು."

ರಾಯರು ಓದಿದರು. ಕನ್ನಡಕ ತೆಗೆಯಲಿಲ್ಲ, ಅದರ ಮೇಲಿನಿಂದ ನೋಡಿದರು.

"ಏನ್ರೀ ಬಡಿಗೇರ್, ನಿಮಗೆ ಕಿವಿ ಕೇಳ್ಸಲ್ವಾ?"

"ಅವತ್ತು ಕೇಳಿಸಲಿಲ್ಲ ಸಾರ್."

ವರದಿಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ನೋಟಿಸು ರದ್ದು ಮಾಡಿ ಸಹಿ ಹಾಕಿದರು. ಅಜಾಗರೂಕತೆಗಾಗಿ ನನಗೊಂದು ಮೆಮೊ ಕೊಟ್ಟರು. ಅದು ನನ್ನ ಫೈಲಿನಲ್ಲಿ ಕೊನೆಯವರೆಗೂ ಇತ್ತು. ಸಭೆಯಲ್ಲಿ ಒಪ್ಪಿಸಿದ ಬಡ್ತಿಗಳಿಗಿಂತ ಆ ಮೆಮೊ ಮೇಲೆಯೇ ನನಗೆ ಹೆಚ್ಚು ಪ್ರೀತಿ.

ಆ ಭಾನುವಾರ ಶೆಟ್ಟಿಹಳ್ಳಿಗೆ ಹೋಗಿ, ಲೇತಿನ ಮೇಲುಗಡೆ, ಅವರ ಕಣ್ಣಿಗೆ ನೇರವಾಗಿ ಕಾಣುವಂತೆ, ಕೆಂಪು ಬಣ್ಣದ ಸಣ್ಣ ಬಲ್ಬೊಂದನ್ನು ಮೋಟರಿನ ಲೈನಿಗೆ ಜೋಡಿಸಿದೆ. ಮೋಟರು ಓಡುತ್ತಿದ್ದರೆ ಉರಿಯುತ್ತದೆ, ನಿಂತರೆ ಆರುತ್ತದೆ. ಸ್ವಿಚ್ಚನ್ನು ಬಾಗಿಲ ಹಿಂದಿನಿಂದ ತೆಗೆದು ಲಿವರಿನ ಪಕ್ಕಕ್ಕೆ ಹಾಕಿದೆ. ಮುನಿಶಾಮಪ್ಪನವರು ಹಾಕಿ ನೋಡಿದರು, ಆರಿಸಿ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು:

"ಇದೆಷ್ಟ್ ತಿಂತದೆ?"

"ತಿಂಗಳಿಗೆ ಒಂದು ಯೂನಿಟ್."

"ತಿನ್ಲಿ ಬುಡಿ" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೌರಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಮುಂದಿನ ತಿಂಗಳು ಮೀಟರಿನಲ್ಲಿ ಎಪ್ಪತ್ತೊಂದು ಯೂನಿಟ್ಟು ಬಂತು. ರಾಜಾನುಕುಂಟೆಯವನು ಬೇರೆ ಲೇತ್ ನೋಡಿಕೊಂಡ. ಆ ಕೆಂಪು ಬಲ್ಬು ಎಂಬತ್ತರ ದಶಕದ ಕೊನೆಯವರೆಗೂ ಆ ಕೊಟ್ಟಿಗೆಯಲ್ಲಿ ಉರಿಯುತ್ತ, ಆರುತ್ತ ಇತ್ತು. ಆ ಕಡೆ ಕೆಲಸವಿದ್ದರೆ ನಾನು ದಾರಿ ತಿರುಗಿಸಿಕೊಂಡು ಹೋಗಿ, ಮಜ್ಜಿಗೆ ಕುಡಿದು, ಅವರ ಎದುರಿಗೆ ಕುಳಿತು ಮಾತಾಡಿ ಬರುತ್ತಿದ್ದೆ. ಈಗ ಅಲ್ಲಿ ಮೂರಂತಸ್ತಿನ ಮನೆ ಇದೆ. ರಾಗಿ ಹೊಲವಿಲ್ಲ, ಕೊಟ್ಟಿಗೆಯಿಲ್ಲ. ಅವರಿಬ್ಬರೂ ಇಲ್ಲ.

ನಮ್ಮ ಮನೆಯ ಅಡುಗೆಕೋಣೆಯ ಬಾಗಿಲ ಮೇಲೆ ಈಗೊಂದು ಕೆಂಪು ಬಲ್ಬಿದೆ. ಮೂರು ವರ್ಷದ ಹಿಂದೆ ನೀರಿನ ಮೋಟರು ಹಾಕಿ ಮರೆತೆ. ಟ್ಯಾಂಕ್ ತುಂಬಿ, ನೀರು ಬೀದಿಗೆ ಹರಿದು, ಎದುರುಮನೆಯವರು ಬಂದು ಕೂಗಿದರೂ ನಾನು ಪೇಪರ್ ಓದುತ್ತ ಕುಳಿತಿದ್ದೆ. ನನ್ನ ಹೆಂಡತಿ ಶಾಂತಾ ಹೊರಗಿನಿಂದ ಬಂದು, "ಅಯ್ಯ, ಮೋಟರ್ ಅಷ್ಟು ಗುಂಯ್ ಅನ್ನಾಕತ್ತದ, ನಿಮಗ ಕೇಳಸವಲ್ದೇನ್ರಿ?" ಎಂದಳು. ನಾನು ಮರುದಿನವೇ ಅಂಗಡಿಗೆ ಹೋಗಿ ಬಲ್ಬು ತಂದೆ. ಬಲ್ಬು ಹಾಕಿಕೊಳ್ಳುವಷ್ಟು ಬುದ್ಧಿ ಇತ್ತು, ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಇರಲಿಲ್ಲ. ನಾನೂ ಎಲ್ಲರಿಗೂ ಹೂಂ ಅನ್ನಲು ಶುರುಮಾಡಿದ್ದೆ. ಬೀದಿಯಲ್ಲಿ ನನಗೂ ಬಲು ಒಳ್ಳೆಯವರು ಎಂಬ ಹೆಸರು ಬಂದಿದೆ.

ಕೆಲಸಕ್ಕೆ ಸೇರಿದ ಮಕ್ಕಳೇ, ಮೀಟರನ್ನು ನಂಬಿ, ಅದು ಸರಿಯೇ. ಆದರೆ ಎದ್ದು ಹಿತ್ತಿಲಿಗೂ ಒಮ್ಮೆ ಹೋಗಿ. ಪ್ರಶ್ನೆ ಕೇಳುವಾಗ ವೈರು ಸುತ್ತುತ್ತ ಕೇಳಬೇಡಿ, ಮುಖ ನೋಡಿ ಕೇಳಿ.

ಇನ್ನು, ಹಿಂದಿನ ಸಾಲಿನಲ್ಲಿದ್ದ ಹುಡುಗಿಗೆ: ಮುನಿಶಾಮಪ್ಪನವರಿಗಾಗಿ ಹಿಂದೆ ಒಂದು ಸಲ ಬರೆದ ಮಾತನ್ನು ಈಗ ನನಗಾಗಿ ಬರೆಯುತ್ತಿದ್ದೇನೆ. ಅವತ್ತು ನೀನು ಕೇಳಿದ್ದು ನನಗೆ ಕೇಳಿಸಲಿಲ್ಲ, ತಾಯಿ. ತಪ್ಪು ನನ್ನದು. ಒಂದು ದಿನ ಮನೆಗೆ ಬಾ, ಎದುರಿಗೆ ಕುಳಿತು ಇನ್ನೊಂದು ಸಲ ಕೇಳು.